ಮೈದಾನ ಬಂತು, ರಸ್ತೆ ದಾಟೋದು ಹೇಗೆ?

ಸಂಜೆ ಐದೂವರೆಗೆ ನಮ್ಮ ಬಡಾವಣೆಯ ಹೊಸ ಕ್ರೀಡಾ ಉದ್ಯಾನದ ಗೇಟಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಸಾಲಾಗಿ ನಿಂತ ಕಾರುಗಳ ಸಂದಿಯಿಂದ ಒಬ್ಬ ಹುಡುಗ ಇಣುಕುತ್ತಾನೆ. ಬೆನ್ನಿಗೆ ಕಿಟ್ ಬ್ಯಾಗು, ಬ್ಯಾಟಿನ ಹಿಡಿ ತಲೆಗಿಂತ ಮೇಲೆ. ಕಾರಿನ ಬಾನೆಟ್ಟು ಅವನ ಗಲ್ಲದ ಮಟ್ಟಕ್ಕಿದೆ. ಬರುವ ಗಾಡಿ ಅವನಿಗೆ ಕಾಣುವುದಿಲ್ಲ. ಗಾಡಿಯವನಿಗೆ ಕಂಡರೆ ಬ್ಯಾಟಿನ ಹಿಡಿ ಕಂಡೀತು, ಅಷ್ಟೇ. ಹಿಂದಿನಿಂದ ನೀರಿನ ಟ್ಯಾಂಕರ್ ಒಂದು ಹಾರ್ನ್ ಹೊಡೆಯುತ್ತಾ ಬರುತ್ತದೆ.

ಕೆಲಸ ಶುರುವಾಗುವ ಮುಂಚೆ ನಡೆದ ಸಭೆಯಲ್ಲಿ ನಿವಾಸಿಗಳು ಕೇಳಿದ್ದು ಇದನ್ನೇ. ಗೇಟು ಮೇನ್ ರೋಡಿಗೇ ಯಾಕೆ? ಗಾಡಿ ಎಲ್ಲಿ ನಿಲ್ಲಿಸ್ತಾರೆ? ಮಕ್ಕಳು ಎಲ್ಲಿ ದಾಟ್ತಾರೆ? ಅಧಿಕಾರಿಗಳಿಂದ ಬಂದ ಉತ್ತರ ಒಂದೇ: "ಹಾಗಾದ್ರೆ ನಿಮಗೆ ಮೈದಾನ ಬೇಡ್ವಾ?" ಪ್ರಶ್ನೆ ಕೇಳಿದವರು ಸುಮ್ಮನಾದರು. ಮೈದಾನ ಬೇಡ ಎನ್ನುವವರು ಯಾರಿದ್ದಾರೆ?

ಈ ಉತ್ತರದ ಹಿಂದೆ ಒಂದು ಹಳೆಯ ಕಥೆಯಿದೆ. ನಮ್ಮ ಊರುಗಳಲ್ಲಿ ಮೈದಾನದ ಜಗಳ ಯಾವಾಗಲೂ ಜಾಗ ಉಳಿಸಿಕೊಳ್ಳುವ ಜಗಳವೇ ಆಗಿತ್ತು. ಹೊರಗಿನ ರಸ್ತೆಯ ಕಡೆ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಬೆಂಗಳೂರನ್ನೇ ನೋಡಿ. 1898ರ ಪ್ಲೇಗ್ ಊರನ್ನು ನಡುಗಿಸಿದ ಕಾಲಕ್ಕೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ನಡುವೆ ಬಯಲು. ಆ ರಸ್ತೆಗಳಲ್ಲಿ ಓಡುತ್ತಿದ್ದದ್ದು ಜಟಕಾ, ಎತ್ತಿನಗಾಡಿ, ಆಮೇಲೆ ಸೈಕಲ್ಲು. ಬಯಲಿನ ಚೆಂಡು ರಸ್ತೆಗೆ ಹೋದರೆ ಹುಡುಗ ಹಿಂದೆಯೇ ಓಡಿ ತರುತ್ತಿದ್ದ. ಸ್ವಾತಂತ್ರ್ಯದ ನಂತರ ಜಯನಗರದಂಥ ಬಡಾವಣೆಗಳು ಬಂದಾಗಲೂ ನಕ್ಷೆಯಲ್ಲಿ ಪಾರ್ಕು, ಆಟದ ಬಯಲು ಇದ್ದವು. ಅಲ್ಲಿಗೆ ನಡೆದು ಬರುವ ಮಕ್ಕಳು ರಸ್ತೆ ದಾಟುವುದು ಒಂದು ವಿಷಯ ಅಂತಲೇ ಯಾರಿಗೂ ಅನಿಸಿರಲಿಲ್ಲ.

ಊರು ಬೆಳೆದಂತೆ ಬಯಲಿನ ಮೇಲೆ ಎಲ್ಲರ ಕಣ್ಣು ಬಿತ್ತು. 1985ರಲ್ಲಿ ರಾಜ್ಯ ಸರ್ಕಾರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲೆಂದೇ ಒಂದು ಕಾಯ್ದೆ ತಂದಿತು. ಅದೇ ಹೊತ್ತಿಗೆ ರಾಜಮಹಲ್ ವಿಲಾಸ ಬಡಾವಣೆಯ ನಿವಾಸಿಗಳು ಒಂದು ಕೇಸು ನಡೆಸುತ್ತಿದ್ದರು. ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಕೇಳೋಕೆ ಇವರು ಯಾರು ಎಂಬ ಪ್ರಶ್ನೆಯೂ ಎದ್ದಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಬಡಾವಣೆಯಲ್ಲಿ ವಾಸವಿರುವವರಿಗೆ ಅಲ್ಲಿನ ಪಾರ್ಕಿನ ಬಗ್ಗೆ ಕೋರ್ಟಿಗೆ ಬರುವ ಹಕ್ಕಿದೆ ಎಂದಿತು. ಬ್ಯಾಂಗಲೂರ್ ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣ ಎಂದರೆ ದೇಶದ ವಕೀಲರಿಗೆಲ್ಲ ಇವತ್ತಿಗೂ ಗೊತ್ತು.

ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ ಕಾಯ್ದೆಯೂ ತೀರ್ಪೂ ಮಾತಾಡಿದ್ದು ಬೇಲಿಯೊಳಗಿನ ಜಾಗದ ಬಗ್ಗೆ. ಆ ಹೊತ್ತಿಗೆ ಬೇಲಿಯ ಹೊರಗೆ ಬೇರೆಯೇ ಊರು ತಯಾರಾಗುತ್ತಿತ್ತು. ಈಗ ಬೆಂಗಳೂರಿನ ಗಾಡಿಗಳ ಸಂಖ್ಯೆ ಒಂದು ಕೋಟಿ ದಾಟಿದೆ.

ಮೈದಾನವೂ ಬದಲಾಯಿತು. ಮುಂಚೆ ಅಲ್ಲಿಗೆ ಬರುತ್ತಿದ್ದವರು ಅಕ್ಕಪಕ್ಕದ ನಾಲ್ಕು ಬೀದಿಯ ಮಕ್ಕಳು. ಈಗ ಗಂಟೆ ಲೆಕ್ಕದಲ್ಲಿ ಬುಕ್ ಮಾಡುವ ಟರ್ಫ್, ರಾತ್ರಿ ಹತ್ತರವರೆಗೆ ಫ್ಲಡ್‌ಲೈಟ್, ಬೆಳಗ್ಗೆ ಆರಕ್ಕೆ ಕೋಚಿಂಗ್. ಎಂಟು ಕಿಲೋಮೀಟರ್ ದೂರದಿಂದ ಅಪ್ಪ ಅಮ್ಮ ಕಾರಿನಲ್ಲಿ ಮಗುವನ್ನು ತಂದು ಬಿಡುತ್ತಾರೆ. ಒಂದು ಬ್ಯಾಚ್ ಮುಗಿದು ಇನ್ನೊಂದು ಶುರುವಾಗುವ ಹೊತ್ತು ಒಂದೇ. ಒಳಗೆ ಹೋಗುವವರು, ಹೊರಗೆ ಬರುವವರು, ಕಾಯುವವರು ಎಲ್ಲ ಅದೇ ಹದಿನೈದು ನಿಮಿಷದಲ್ಲಿ ಗೇಟಿನ ಮುಂದೆ. ದಿನಕ್ಕೆ ಎಷ್ಟು ಗಾಡಿ ಓಡುತ್ತವೆ ಎಂದು ಎಣಿಸಿದರೆ ಈ ಹದಿನೈದು ನಿಮಿಷ ಲೆಕ್ಕಕ್ಕೇ ಸಿಗುವುದಿಲ್ಲ.

ಇದನ್ನು ಮೊದಲೇ ಅಂದಾಜು ಮಾಡಬೇಕಿತ್ತಲ್ವಾ? ನಮ್ಮ ನಿಯಮಗಳು ಕಟ್ಟಡ ನೋಡುತ್ತವೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡಕ್ಕೆ ಮುಂಚಿತವಾಗಿ ಅನುಮತಿ ಬೇಕು. ಅರ್ಜಿಯಲ್ಲಿ ವಾಹನ ಸಂಚಾರದ ಪ್ರಶ್ನೆಯೂ ಬರುತ್ತದೆ. ಎರಡು ಎಕರೆ ಮೈದಾನದಲ್ಲಿ ಕಟ್ಟಡ ಎಂದರೆ ಏನಿರುತ್ತದೆ? ಒಂದು ಶೌಚಾಲಯ, ಒಂದು ಬಟ್ಟೆ ಬದಲಿಸುವ ಕೋಣೆ. ಇಡೀ ಎರಡು ಎಕರೆ ಸೇರಿಸಿದರೂ 8,100 ಚದರ ಮೀಟರ್ ಆಗುವುದಿಲ್ಲ. ಹಾಗಾಗಿ ಆ ಜರಡಿಯಲ್ಲಿ ಇಂಥ ಉದ್ಯಾನ ಸಿಕ್ಕಿಬೀಳುವುದೇ ಇಲ್ಲ.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ, ನೆದರ್‌ಲೆಂಡ್ಸ್‌ಗೆ. ಸೈಕಲ್ ದೇಶ ಎಂದು ಈಗ ಹೊಗಳುತ್ತೇವೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹೊಫ್ ಎಂಬ ಪತ್ರಕರ್ತ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದರು. ಅದೇ ಹೆಸರಿನಲ್ಲಿ ಒಂದು ಚಳವಳಿ ಹುಟ್ಟಿತು. ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬೀದಿಗೆ ಬಂದು ಕೂತರು. ಅದಕ್ಕೂ ಮುಂಚೆಯೇ ಡೆಲ್ಫ್ಟ್ ಊರಿನಲ್ಲಿ ಮನೆಬೀದಿಗಳನ್ನು ಹೊಸದಾಗಿ ಕಟ್ಟುವ ಪ್ರಯೋಗ ನಡೆದಿತ್ತು. ಗಿಡ, ಬೆಂಚು, ತಿರುವು ಇಟ್ಟು ಕಾರು ನಡಿಗೆಯ ವೇಗಕ್ಕೆ ಇಳಿಯುವ ಹಾಗೆ ಮಾಡಿದ್ದರು. ಅದಕ್ಕೆ ಅವರಿಟ್ಟ ಹೆಸರು ವೂನೆರ್ಫ್. ನಮ್ಮ ಮಾತಿನಲ್ಲಿ ಹೇಳುವುದಾದರೆ ವಾಸದ ಅಂಗಳ. 1976ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಅಲ್ಲಿ ಮಕ್ಕಳು ರಸ್ತೆಯಲ್ಲೇ ಆಡಬಹುದು, ಕಾರಿನವನು ಕಾಯಬೇಕು.

ಮಕ್ಕಳಿಗೆ ಚೆನ್ನಾಗಿ ಹೇಳಿಕೊಟ್ಟರೆ ಸಾಕು ಎಂಬ ವಾದ ಆಗಲೂ ಇತ್ತು. ಸ್ವೀಡನ್ನಿನ ಮನಃಶಾಸ್ತ್ರಜ್ಞೆ ಸ್ಟೀನಾ ಸ್ಯಾಂಡೆಲ್ಸ್ 1960ರ ದಶಕದಲ್ಲೇ ಅದನ್ನು ಪರೀಕ್ಷಿಸಿ ನೋಡಿದ್ದರು. ಪುಟ್ಟ ಮಕ್ಕಳನ್ನು ಟ್ರಾಫಿಕ್ಕಿಗೆ ಹೊಂದಿಸಲು ಆಗುವುದಿಲ್ಲ, ಟ್ರಾಫಿಕ್ಕೇ ಅವರಿಗೆ ಹೊಂದಬೇಕು ಎಂಬುದು ಅವರು ಕಂಡುಕೊಂಡದ್ದು. ಮಗು ನಿಯಮ ಬಾಯಿಪಾಠ ಒಪ್ಪಿಸುತ್ತದೆ. ಚೆಂಡು ಉರುಳಿದ ಕೂಡಲೇ ಮರೆಯುತ್ತದೆ.

ವೇಗದ ಲೆಕ್ಕ ಸರಳ. ಗಂಟೆಗೆ 30 ಕಿ.ಮೀ. ವೇಗದ ಕಾರು, ಚಾಲಕನಿಗೆ ಹೊಳೆಯಲು ಒಂದು ಸೆಕೆಂಡ್ ಹಿಡಿದು, ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತದೆ. 50ರಲ್ಲಿ ಬಂದರೆ 28 ಮೀಟರ್ ಬೇಕು. ಗೇಟಿನ ಮುಂದೆ ನಿಂತ ಕಾರುಗಳಲ್ಲಿ ಅಳೆದರೆ ಮೊದಲನೆಯದು ಮೂರು ಕಾರಿನುದ್ದ, ಎರಡನೆಯದು ಏಳು.

ಹಾಗಾದರೆ ಹಂಪ್ ಹಾಕಿಸಿಬಿಡೋಣ ಎನ್ನುತ್ತಾರೆ. ಎಲ್ಲ ಸಭೆಗಳೂ ಬಂದು ನಿಲ್ಲುವುದು ಇಲ್ಲೇ. ಪತ್ರಿಕೆಗಳಲ್ಲಿ 'ಅವೈಜ್ಞಾನಿಕ ಹಂಪ್' ಎಂಬ ಮಾತು ಎಷ್ಟು ಸಲ ಓದಿಲ್ಲ! ವೈಜ್ಞಾನಿಕ ಹಂಪ್ ಹೇಗಿರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ. ಗಾಡಿ ಓಡುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ. ಅದನ್ನು 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟಬಹುದು. ನಮ್ಮಲ್ಲಿ ರಾತ್ರೋರಾತ್ರಿ ಸುರಿಯುವ ಡಾಂಬರಿನ ದಿಬ್ಬಕ್ಕೆ ಬಣ್ಣವಿಲ್ಲ, ಮುಂಚೆ ಎಚ್ಚರಿಸುವ ಫಲಕವಿಲ್ಲ. ಅಲ್ಲಿ ಬೀಳುವವರು ಸ್ಕೂಟರಿನವರು. ಗೇಟಿನ ಮುಂದೆ ಅದಕ್ಕಿಂತ ಒಳ್ಳೆಯದು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ. ಗಾಡಿ ನಿಧಾನವಾಗುತ್ತದೆ, ಮಗು ಇಳಿಯದೆ ಹತ್ತದೆ ದಾಟುತ್ತದೆ.

ಹಂಪ್‌ಗಿಂತಲೂ ಮೊದಲು ಕೇಳಬೇಕಾದ್ದು ಗೇಟಿನ ಜಾಗ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದು ಜನಸಾಗರದ ದುರಂತ, ಬಡಾವಣೆಯ ಮೈದಾನಕ್ಕೆ ನೇರ ಹೋಲಿಕೆ ಸಲ್ಲದು. ಆದರೂ ಅದರ ವಿಚಾರಣೆ ನಡೆಸಿದ ನ್ಯಾ. ಮೈಕಲ್ ಡಿ'ಕುನ್ಹಾ ಆಯೋಗ ಸೂಚಿಸಿದ ಒಂದು ಅಂಶ ಇಲ್ಲಿಗೂ ಅನ್ವಯಿಸುತ್ತದೆ. ಕ್ರೀಡಾಂಗಣಕ್ಕೆ ಬಂದವರು ಕಾಯುವ, ಸಾಲು ನಿಲ್ಲುವ ಜಾಗ ಸಾರ್ವಜನಿಕ ರಸ್ತೆಯಿಂದ ಬೇರೆಯಾಗಿರಬೇಕು. ಸಣ್ಣ ಮೈದಾನದಲ್ಲಿ ಇದರ ಅರ್ಥ ಗೇಟನ್ನು ಬೇಲಿಯಿಂದ ಐದಾರು ಮೀಟರ್ ಒಳಗೆ ಇಡುವುದು, ಅಷ್ಟೇ. ಕಾಯುವವರು ಅಲ್ಲಿ ಕಾಯುತ್ತಾರೆ. ದುಡ್ಡೂ ಜಾಸ್ತಿ ಆಗುವುದಿಲ್ಲ. ಆದರೆ ನಕ್ಷೆ ಬರೆಯುವಾಗಲೇ ಆಗಬೇಕು, ಕಾಂಪೌಂಡ್ ಎದ್ದ ಮೇಲೆ ಯಾರೂ ಒಡೆಯುವುದಿಲ್ಲ.

ಗಾಡಿ ತಡೆದರೆ ಊರೇ ನಿಂತುಹೋಗುತ್ತದೆ ಎಂಬ ಭಯವೂ ಇದೆ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ಗಾಡಿಗಳಿಗೆ ಪ್ರವೇಶವಿಲ್ಲ. ಊರು ಓಡುತ್ತಲೇ ಇದೆ, ಮಕ್ಕಳು ಅಲ್ಲಿ ನಡುರಸ್ತೆಯಲ್ಲಿ ಸ್ಕೇಟಿಂಗ್ ಕಲಿಯುತ್ತಿದ್ದಾರೆ.

ತಪ್ಪೆಲ್ಲ ಕಚೇರಿಯವರದ್ದೇ ಎಂದರೂ ಅನ್ಯಾಯವಾಗುತ್ತದೆ. ಗೇಟಿಗೆ ಅಡ್ಡವಾಗಿ "ಎರಡೇ ನಿಮಿಷ" ಎಂದು ನಿಲ್ಲಿಸುವ ಕಾರು ನಮ್ಮದೇ. ಹದಿನೈದರ ಮಗನ ಕೈಗೆ ಸ್ಕೂಟರ್ ಕೀ ಕೊಟ್ಟು ಪ್ರಾಕ್ಟೀಸಿಗೆ ಕಳಿಸುವವರೂ ನಾವೇ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಅದಕ್ಕೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದೇ ತಿದ್ದುಪಡಿಯ 198ಎ ಇನ್ನೊಂದು ಕಡೆಯವರಿಗೆ. ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಮಾಡಿ ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷದವರೆಗೆ ದಂಡ. ನಮ್ಮ ಸಭೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಈ ಕಲಮನ್ನು ಎದ್ದುನಿಂತು ಓದಿದರು. ಅದುವರೆಗೆ ಫೋನ್ ನೋಡುತ್ತಿದ್ದ ಸಾಹೇಬರು ತಲೆಯೆತ್ತಿದ್ದು ಆಗಲೇ.

ಮೂರು ತಿಂಗಳಾದ ಮೇಲೆ ಅಡ್ಡರಸ್ತೆಯ ಕಡೆ ಎರಡನೇ ಗೇಟು ಬಂತು. ಆ ಬದಿಯಲ್ಲಿ ಗಾಡಿ ಕಡಿಮೆ, ಮರದ ನೆರಳೂ ಇದೆ. ಜೀಬ್ರಾ ಪಟ್ಟೆ ಬಳಿದದ್ದು ಮೊದಲ ಮಳೆಗೇ ಅರ್ಧ ಅಳಿಸಿದೆ. ಮೇನ್ ರೋಡಿನ ಗೇಟಿಗೆ ಸಂಜೆ ನಾಲ್ಕರಿಂದ ಎಂಟರವರೆಗೆ ಬೀಗ ಹಾಕಬೇಕೆಂದು ತೀರ್ಮಾನವಾಗಿತ್ತು. ಬೀಗವೂ ಬಂದಿದೆ. ಕೀ ಯಾರ ಹತ್ತಿರ ಇರಬೇಕು ಅನ್ನೋದು ಮುಂದಿನ ಸಭೆಗೆ ಹೋಗಿದೆ.