ರೋಸೆಟ್ ಅಂದರೆ ತೂತಲ್ಲ

‘ಪಿಕ್ ರೋಸೆಟ್ ಒಳಗೆ ಬಿದ್ದುಹೋಯ್ತು, ಹೇಗೆ ತೆಗೆಯೋದು?’ ಈ ಪ್ರಶ್ನೆ ಈ ವಾರದಲ್ಲೇ ಮೂರನೇ ಸಲ ಕಣ್ಣಿಗೆ ಬಿತ್ತು. ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ಬಿದ್ದದ್ದು ಗಿಟಾರ್‌ನ ತೂತಿನೊಳಗೆ, ಅಂದರೆ ಸೌಂಡ್‌ಹೋಲ್ ಒಳಗೆ. ರೋಸೆಟ್ ಒಳಗೆ ಏನಾದರೂ ಬೀಳೋಕೆ ಜಾಗವೇ ಇಲ್ಲ. ಅದು ತೂತಿನ ಸುತ್ತ ಇರುವ ಅಲಂಕಾರದ ಬಳೆ. ಸ್ಪ್ಯಾನಿಷ್ ಮಾತಾಡುವವರಿಗೆ ಈ ಗೊಂದಲವೇ ಇಲ್ಲ. ಅವರಿಗೆ ತೂತು ‘ಬೋಕಾ’, ಅಂದರೆ ಬಾಯಿ. ಸುತ್ತಲಿನ ಬಳೆ ‘ರೊಸೆಟಾ’.

ತಪ್ಪು ಎಲ್ಲಿಂದ ಬಂತು ಅನ್ನೋದಕ್ಕೆ ಪದದಲ್ಲೇ ಸುಳಿವಿದೆ. ರೋಸೆಟ್ ಫ್ರೆಂಚಿನದು. ರೋಸ್ ಅಂದರೆ ಗುಲಾಬಿ, ‘ಎಟ್’ ಅನ್ನೋ ಬಾಲ ಸೇರಿದರೆ ಪುಟ್ಟ ಗುಲಾಬಿ. ಸಿಗಾರ್‌ಗೆ ಅದೇ ಬಾಲ ಸೇರಿ ಸಿಗರೇಟ್ ಆಯಿತಲ್ಲ, ಹಾಗೆ. ಆದರೆ ಇವತ್ತಿನ ಗಿಟಾರ್‌ನಲ್ಲಿ ಗುಲಾಬಿ ಎಲ್ಲಿದೆ? ಅದನ್ನು ನೋಡಬೇಕಾದರೆ ಲ್ಯೂಟ್ ಅನ್ನೋ ಹಳೆಯ ತಂತಿವಾದ್ಯದ ಕಡೆ ತಿರುಗಬೇಕು. ಲ್ಯೂಟ್‌ನ ತೂತು ಬರಿದಾಗಿರಲಿಲ್ಲ. ಅಲ್ಲಿ ಮೇಲ್ಹಲಗೆಯನ್ನೇ ಜಾಲರಿಯಂತೆ ಕೊರೆದು ಬಿಡುತ್ತಿದ್ದರು. ಅದರ ಹೆಸರು ‘ರೋಸ್’. 17ನೇ ಶತಮಾನದ ಗಿಟಾರ್‌ಗಳಲ್ಲಿ ಚರ್ಮಪತ್ರವನ್ನು ಕತ್ತರಿಸಿ, ಪದರ ಪದರವಾಗಿ ಜೋಡಿಸಿ, ತೂತಿನೊಳಗೆ ಇಳಿಬಿಟ್ಟ ರೋಸ್‌ಗಳೂ ಇದ್ದವು. ಆಮೇಲೆ ಗಿಟಾರ್‌ನ ತೂತು ಪೂರ್ತಿ ತೆರೆದುಕೊಂಡಿತು. ಒಳಗಿನ ಹೂವು ಹೋಯಿತು, ಅಂಚಿನ ಬಳೆ ಉಳಿಯಿತು. ಇಷ್ಟು ನೆನಪಿಟ್ಟರೆ ಸಾಕು: ರೋಸ್ ತೂತನ್ನು ತುಂಬುತ್ತದೆ, ರೋಸೆಟ್ ತೂತನ್ನು ಸುತ್ತುತ್ತದೆ.

ಇನ್ನೊಂದು ತಪ್ಪು ಕ್ರಿಯಾಪದದ್ದು. ‘ರೋಸೆಟ್ ಬಿಡಿಸಿದ್ದಾರೆ’, ‘ಅಂಟಿಸಿದ್ದಾರೆ’, ‘ಕೆತ್ತಿದ್ದಾರೆ’ ಅಂತೆಲ್ಲ ಬರೆಯುತ್ತಾರೆ. ಬಿಡಿಸುವುದು ಬಣ್ಣದ ಕೆಲಸ. ಅಂಟಿಸುವುದು ಸ್ಟಿಕರ್‌ಗೆ ಸರಿ, ಅಗ್ಗದ ಕೆಲವು ಗಿಟಾರ್‌ಗಳಲ್ಲಿ ಇರುವುದು ಅದೇ. ನಿಜವಾದ ರೋಸೆಟ್‌ಗೆ ಕನ್ನಡದಲ್ಲಿ ಒಳ್ಳೆ ಮಾತಿದೆ, ಅಲ್ವಾ? ಕೂರಿಸುವುದು. ಉಂಗುರಕ್ಕೆ ಹರಳು ಕೂರಿಸಿದ ಹಾಗೆ.

ಕೂರಿಸುವ ಕೆಲಸ ನೋಡಿದರೆ ಈ ಮಾತು ಯಾಕೆ ಒಪ್ಪುತ್ತದೆ ಅಂತ ತಿಳಿಯುತ್ತದೆ. ಮೊದಲು ಬಳೆ, ಆಮೇಲೆ ತೂತು. ತುಂಬಾ ಜನ ಇದನ್ನು ತಿರುಗುಮುರುಗಾಗಿ ಅಂದುಕೊಂಡಿರುತ್ತಾರೆ. ತೂತು ಬರಬೇಕಾದ ಜಾಗದ ನಡುವೆ ಒಂದು ಪಿನ್ ನಿಲ್ಲಿಸುತ್ತಾರೆ. ಕೈಯಲ್ಲಿ ಮಾಡುವವರು ಪಿನ್ ಸುತ್ತ ವೃತ್ತ ಕತ್ತರಿಸುವ ಅಲಗು ತಿರುಗಿಸಿ ಎರಡು ಗೆರೆ ಕುಯ್ಯುತ್ತಾರೆ, ನಡುವಿನ ಮರವನ್ನು ಉಳಿಯಿಂದ ತೆಗೆಯುತ್ತಾರೆ. ಉಳಿದವರು ಅದೇ ಪಿನ್‌ಗೆ ರೂಟರ್, ಅಂದರೆ ಮರ ಕೊರೆಯುವ ಯಂತ್ರ ಸಿಕ್ಕಿಸಿ ತಿರುಗಿಸುತ್ತಾರೆ. ತೋಡಿನ ಆಳ ಹೆಚ್ಚೂಕಮ್ಮಿ ಒಂದೂವರೆ ಮಿಲಿಮೀಟರ್. ಹಲಗೆಯ ದಪ್ಪವೇ ಮೂರು ಮಿಲಿಮೀಟರ್ ಆಸುಪಾಸು, ಆದ್ದರಿಂದ ಇಲ್ಲಿ ಅವಸರ ನಡೆಯೋದಿಲ್ಲ. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮೆತ್ತನೆ ಮರ, ಎಳೆ ಕಿತ್ತುಬರುತ್ತದೆ. ಅದಕ್ಕೇ ಮೊದಲು ತೆಳುವಾಗಿ ಅರಗಿನ ಪಾಲಿಶ್ ಒಂದು ಕೈ ಬಳಿಯುತ್ತಾರೆ.

ತೋಡಿಗೆ ಇಳಿಯುವುದು ಏನು ಅನ್ನೋದು ಗಿಟಾರ್‌ನ ಜಾತಿಯ ಮೇಲೆ ಹೋಗುತ್ತದೆ. ಮಾರ್ಟಿನ್ ಕಂಪನಿಯ ಸ್ಟೈಲ್ 28 ಮಾದರಿಯ ಗಿಟಾರ್‌ಗಳಲ್ಲಿ ಕಪ್ಪು ಬಿಳಿ ಗೆರೆಗಳ ಮೂರು ಬಳೆಗಳು, ಗೆರೆಗಳ ಲೆಕ್ಕ 5-9-5. ಸ್ಟೈಲ್ 45ರಲ್ಲಿ ಅಬಲೋನ್ ಚಿಪ್ಪು. ನನಗೆ ಅಚ್ಚುಮೆಚ್ಚು ಕ್ಲಾಸಿಕಲ್ ಗಿಟಾರ್‌ನ ಮೊಸಾಯಿಕ್. ಅದನ್ನು ಚಿತ್ರ ಅನ್ನುವವರು ಒಮ್ಮೆ ಭೂತಗನ್ನಡಿ ಹಿಡಿದು ನೋಡಲಿ. ಬಣ್ಣಬಣ್ಣದ ವೆನೀರ್‌ಗಳನ್ನು, ಅಂದರೆ ಮರದ ತೆಳು ಹಾಳೆಗಳನ್ನು, ಲೆಕ್ಕದಂತೆ ಒಂದರ ಮೇಲೊಂದು ಅಂಟಿಸಿ, ಪಟ್ಟಿ ಪಟ್ಟಿಯಾಗಿ ಸೀಳುತ್ತಾರೆ. ಆ ಪಟ್ಟಿಗಳನ್ನು ಮತ್ತೆ ಜೋಡಿಸಿದರೆ ಒಂದು ಕಡ್ಡಿ. ಅದನ್ನು ಅಡ್ಡಕ್ಕೆ ಕುಯ್ದಾಗ ಪ್ರತಿ ಬಿಲ್ಲೆಯ ಮೇಲೂ ಅದೇ ವಿನ್ಯಾಸ. ವೃತ್ತದಲ್ಲಿ ಸಂದಿಲ್ಲದೆ ಕೂರಬೇಕು ಅಂದರೆ ಕಡ್ಡಿಯ ಒಂದು ಕಡೆ ತುಸು ಕಿರಿದಾಗಿರಬೇಕು.

ಗೆರೆ ಪಟ್ಟಿಗಳನ್ನು ಕೂರಿಸುವಾಗ ಅಂಟಿನ ತೇವಕ್ಕೆ ಮರ ಉಬ್ಬುತ್ತದೆ. ನಾನು ಮಾಡಿದ ಮೊದಲ ರೋಸೆಟ್ ಅಂಟು ಹಾಕುವ ಮುಂಚೆ ಬಿಗಿಯಾಗಿ ಸರಿಹೋಗಿತ್ತು. ಅಂಟು ಹಾಕಿದ ಮೇಲೆ ಅರ್ಧ ಸುತ್ತು ಒಳಗೆ ಹೋಯಿತು, ಉಳಿದರ್ಧ ಎಷ್ಟು ಒತ್ತಿದರೂ ಇಳಿಯಲಿಲ್ಲ. ಈಗ ಕೂದಲೆಳೆಯಷ್ಟು ಜಾಗ ಬಿಡುತ್ತೇನೆ. ಬಳೆಯ ಎರಡು ತುದಿಗಳು ಕೂಡುವ ಜಾಗವನ್ನು ಫಿಂಗರ್‌ಬೋರ್ಡ್ (ಬೆರಳು ಒತ್ತುವ ಪಟ್ಟಿ) ಬರುವ ಕಡೆಗೆ ಇಟ್ಟರೆ ಆ ಬೆಸುಗೆ ಅದರಡಿ ಮುಚ್ಚಿಹೋಗುತ್ತದೆ.

ಅಂಟು ಒಣಗಿದ ಮೇಲೆ ಸ್ಕ್ರೇಪರ್ ಎಳೆದು ಹಲಗೆಯ ಮಟ್ಟಕ್ಕೆ ತರುತ್ತಾರೆ. ಬೆರಳಾಡಿಸಿದರೆ ಎಲ್ಲೂ ತಡೆಯಬಾರದು. ಹಲಗೆಯನ್ನು ಬೇಕಾದಷ್ಟು ತೆಳುವಾಗಿಸುವ ಕೆಲಸ ಇನ್ನು ಹಿಂಬದಿಯಿಂದ ಮಾತ್ರ, ಮುಂದಿನಿಂದ ಕೆರೆದರೆ ಬಳೆಯೇ ಸವೆದುಹೋಗುತ್ತದೆ. ಆಮೇಲೆ ಅದೇ ನಡುವಿನ ಪಿನ್ ಇಟ್ಟು, ಬಳೆಯ ಒಳಗಡೆ ತೂತು ಕತ್ತರಿಸುತ್ತಾರೆ. ನಿಮ್ಮ ಪಿಕ್ ಬಿದ್ದದ್ದು ಅಲ್ಲಿ.