ಟಿವಿ ರೆಕಾರ್ಡ್ ಮಾಡಿದರೆ ಚಿತ್ರ ಯಾಕೆ ಕೆಡುತ್ತದೆ?

ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಕಾರ್ಯಕ್ರಮವನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿ ನೋಡಿದರೆ ಮುಖಗಳೆಲ್ಲ ಚೌಕ ಚೌಕವಾಗಿ ಒಡೆದಿರುತ್ತವೆ. ತಕ್ಷಣ ಎಲ್ಲರೂ ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಖರ್ಚು ಮಾಡುವ ಬಿಟ್‌ಗಳ ಲೆಕ್ಕ) ಜಾಸ್ತಿ ಮಾಡುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಕಂಪ್ಯೂಟರಿಗೆ ಸಿಗ್ನಲ್ ತರುವ ಕೇಬಲ್ಲನ್ನು.

ಯಾಕೆಂದರೆ ವಿಡಿಯೊ ಕಂಪ್ರೆಷನ್, ಅಂದರೆ ವಿಡಿಯೊ ಕುಗ್ಗಿಸುವ ಕೆಲಸ, ನಡೆಯುವುದೇ ಒಂದು ನಂಬಿಕೆಯ ಮೇಲೆ: ಹಿಂದಿನ ಫ್ರೇಮಿನಲ್ಲಿ (ಬಿಡಿ ಚಿತ್ರದಲ್ಲಿ) ಇದ್ದದ್ದು ಈಗಲೂ ಹಾಗೇ ಇದ್ದರೆ ಮತ್ತೆ ಬರೆಯಬೇಕಿಲ್ಲ, ಬದಲಾದದ್ದನ್ನು ಬರೆದರೆ ಸಾಕು. ಸಿಗ್ನಲ್ಲಿನಲ್ಲಿ ನಾಯ್ಸ್ (ಬೇಡದ ಕಲಬೆರಕೆ) ಸೇರಿತು ಅನ್ನಿ, ಸುಮ್ನೆ ನಿಂತ ಗೋಡೆಯ ಚುಕ್ಕಿಗಳೂ ಪ್ರತಿ ಫ್ರೇಮಿನಲ್ಲಿ ಕುಣಿಯುತ್ತವೆ. ಅದು ನಾಯ್ಸೋ ನಿಜವಾದ ಚಲನೆಯೋ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಬಿಟ್‌ಗಳೆಲ್ಲ ಆ ಗೋಡೆಗೇ ಖರ್ಚಾಗಿ ಮುಖಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಗಿಡ್ಡನೆಯ ಒಳ್ಳೆ ಕೇಬಲ್, ಬಿಗಿಯಾದ ಕನೆಕ್ಟರ್ ಮುಖ್ಯ. ಇಡೀ ಚಿತ್ರವನ್ನು ಒಂದೇ ತಂತಿಯಲ್ಲಿ ಕಳಿಸುವ ಕಾಂಪೋಸಿಟ್ ಕೇಬಲ್ ಬದಲು ಎಸ್-ವಿಡಿಯೊ ಕೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ, ಒಂದರೊಳಗೊಂದು ಕಲಸಿಹೋಗುವುದಿಲ್ಲ.

ಇನ್ನು ಓಡುವವರ ಅಂಚಿನಲ್ಲಿ ಏಳುವ ಬಾಚಣಿಗೆ ಹಲ್ಲಿನಂಥ ಗೆರೆಗಳು. ನಮ್ಮ ಹಳೆಯ ಅನಲಾಗ್ ಟಿವಿಯ ಪಾಲ್ ಪದ್ಧತಿಯಲ್ಲಿ 625 ಗೆರೆ, ಚಿತ್ರಕ್ಕೆ ಸಿಗುವುದು 576. ಸೆಕೆಂಡಿಗೆ 25 ಫ್ರೇಮ್. ಆದರೆ ಒಂದು ಫ್ರೇಮ್ ಅಂದರೆ ಒಂದೇ ಕ್ಷಣದ ಚಿತ್ರವಲ್ಲ! ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಸೆಕೆಂಡಿನ 50ನೇ ಒಂದು ಭಾಗದಷ್ಟು ಆಚೀಚೆಯದ್ದು. ಹಳೆಯ ಪಿಕ್ಚರ್ ಟ್ಯೂಬ್ ಅವನ್ನು ಸರದಿಯಲ್ಲಿ ತೋರಿಸುತ್ತಿತ್ತು, ಕಂಪ್ಯೂಟರ್ ಪರದೆ ಎರಡನ್ನೂ ಒಟ್ಟಿಗೆ ಹೆಣೆದು ತೋರಿಸುತ್ತದೆ. ಅಷ್ಟರೊಳಗೆ ಓಡುವವನು ಮುಂದೆ ಹೋಗಿರುತ್ತಾನೆ ಅಲ್ವಾ?

ಇದಕ್ಕೆ ಹೆದರಿ 288 ಗೆರೆಗೆ ಇಳಿಸಿ ರೆಕಾರ್ಡ್ ಮಾಡುವವರಿದ್ದಾರೆ. ದಯವಿಟ್ಟು ಬೇಡ, ಬಂದ ಗೆರೆಗಳಲ್ಲಿ ಅರ್ಧ ಅಲ್ಲೇ ಹೋಯಿತು. ಪೂರ್ತಿ 576 ಗೆರೆಗಳನ್ನು ಬಂದ ಹಾಗೇ ಹಿಡಿದಿಡಿ. ಡಿಇಂಟರ್‌ಲೇಸ್, ಅಂದರೆ ಹೆಣೆದುಕೊಂಡ ಬೆಸ-ಸಮ ಗೆರೆಗಳನ್ನು ಬಿಡಿಸುವ ಕೆಲಸ, ಆಮೇಲೆ ನಿಧಾನವಾಗಿ ಮಾಡಬಹುದು. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ಯಾಡಿಫ್ ಫಿಲ್ಟರಿಗೆ ಹೇಳಿದರೆ ಒಂದೊಂದು ಫೀಲ್ಡನ್ನೂ (ಬೆಸ ಅಥವಾ ಸಮ ಗೆರೆಗಳ ಗುಂಪನ್ನೂ) ಒಂದೊಂದು ಫ್ರೇಮ್ ಮಾಡಿ ಸೆಕೆಂಡಿಗೆ 50 ಕೊಡುತ್ತದೆ, ಆಟದ ದೃಶ್ಯಗಳು ಎಷ್ಟು ನಯವಾಗಿ ಓಡುತ್ತವೆ ನೋಡಿ! ಚಿತ್ರದ ಎತ್ತರ ಬದಲಿಸುವುದಿದ್ದರೆ ಇದಾದ ಮೇಲೆಯೇ. ಮೊದಲೇ ಬದಲಿಸಿದರೆ ಎರಡು ಕ್ಷಣದ ಗೆರೆಗಳು ಬೆರೆತುಹೋಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ.

ಜಾಗದ ಚಿಂತೆ ಇದ್ದೇ ಇದೆ. 720x576 ಚಿತ್ರವನ್ನು ಕುಗ್ಗಿಸದೆ ಹಿಡಿದರೆ ಸೆಕೆಂಡಿಗೆ ಸುಮಾರು 20 ಎಂಬಿ, ಗಂಟೆಗೆ 75 ಜಿಬಿ ಹತ್ತಿರ. ಹಫ್‌ವೈಯುವಿಯಂಥ ಲಾಸ್‌ಲೆಸ್ ಕೋಡೆಕ್ (ವಿಡಿಯೊ ಕುಗ್ಗಿಸುವ ತಂತ್ರಾಂಶ) ಹಾಕಿದರೆ ಏನೂ ಕಳೆಯದೆ ಫೈಲ್ ಚಿಕ್ಕದಾಗುತ್ತದೆ.

ಡಿಜಿಟಲ್ ಪ್ರಸಾರವನ್ನು ನೇರ ಕಂಪ್ಯೂಟರಿಗೆ ತರುವ ಡಿವಿಬಿ ಟ್ಯೂನರ್ ಇದ್ದವರಿಗೆ ಇಷ್ಟೆಲ್ಲ ಕಷ್ಟವಿಲ್ಲ. ಅಲ್ಲಿ ಚಾನೆಲ್‌ನವರೇ ಕುಗ್ಗಿಸಿದ ಬಿಟ್‌ಗಳು ನೇರವಾಗಿ ಬರುತ್ತವೆ. ಆ ಸ್ಟ್ರೀಮನ್ನು ಹಾಗೇ ಉಳಿಸಿಕೊಳ್ಳಿ, ಮತ್ತೊಮ್ಮೆ ಎನ್‌ಕೋಡ್ ಮಾಡಬೇಡಿ. ಬಾಚಣಿಗೆ ಗೆರೆ ಕಂಡರೆ ನೋಡುವಾಗ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿಕೊಂಡರಾಯಿತು.