ತಲೆ ಕಾಯುವ ಥರ್ಮಾಕೋಲ್

ಪಟ್ಟಿ ಹರಿದು ಮೂಲೆ ಸೇರಿದ್ದ ನನ್ನ ಹಳೆಯ ಹೆಲ್ಮೆಟ್ಟನ್ನು ಮೊನ್ನೆ ಗರಗಸ ಹಿಡಿದು ಎರಡು ಹೋಳು ಮಾಡಿದೆ. ಎಸೆಯುವ ಮುಂಚೆ ಒಳಗೇನಿದೆ ನೋಡೋಣ ಅಂತ, ಸುಮ್ನೆ ಕುತೂಹಲ. ಹೊರಗಿನ ಗಟ್ಟಿ ಚಿಪ್ಪು ನಾಲ್ಕು ಮಿಲಿಮೀಟರ್ ದಪ್ಪವೂ ಇರಲಿಲ್ಲ. ತಲೆಗೆ ತಾಗುವ ಮೆತ್ತೆ, ಕೈಯಿಂದ ಎಳೆದರೆ ಬರುವ ಬಟ್ಟೆ ಮತ್ತು ಸ್ಪಂಜು. ಇವೆರಡರ ನಡುವೆ ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಥರ್ಮಾಕೋಲ್. ಟಿವಿ ಡಬ್ಬದೊಳಗೆ ಬರುತ್ತದಲ್ಲ, ಅದರದೇ ಜಾತಿ. ಸ್ವಲ್ಪ ಜಾಸ್ತಿ ಗಟ್ಟಿ, ಅಷ್ಟೆ.

ಹೆಬ್ಬೆರಳಿಂದ ಬಲವಾಗಿ ಒತ್ತಿದೆ. ಸಣ್ಣ ಗುಳಿ ಬಿತ್ತು. ಕೈ ತೆಗೆದ ಮೇಲೂ ಆ ಗುಳಿ ಹಾಗೇ ಉಳಿಯಿತು. ಸ್ಪಂಜಾಗಿದ್ದರೆ ಪುಟಿದು ಮೇಲೆ ಬರುತ್ತಿತ್ತು.

ಹೆಲ್ಮೆಟ್ಟಿನ ಕೆಲಸವೆಲ್ಲ ನಡೆಯುವುದು ಆ ಗುಳಿಯಲ್ಲೇ. ಥರ್ಮಾಕೋಲ್ ಅಂದರೆ ಬಹುಪಾಲು ಗಾಳಿ. ಸಾವಿರಾರು ಪುಟ್ಟ ಪ್ಲಾಸ್ಟಿಕ್ ಕೋಣೆಗಳಲ್ಲಿ ಆ ಗಾಳಿ ಸೆರೆಯಾಗಿರುತ್ತದೆ. ಏಟು ಬಿದ್ದಾಗ ಕೋಣೆಗಳ ಗೋಡೆ ಒಂದೊಂದಾಗಿ ಮುರಿದು ಕುಸಿಯುತ್ತವೆ. ತಲೆ ಹೊತ್ತು ತಂದ ಶಕ್ತಿ ಆ ಮುರಿಯುವಿಕೆಯಲ್ಲೇ ಖರ್ಚಾಗುತ್ತದೆ. ಒಮ್ಮೆ ಮುರಿದದ್ದು ಮತ್ತೆ ಏಳುವುದಿಲ್ಲ. ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಹೊಸದಾಗಿ ಕಂಡರೂ ಮತ್ತೆ ಹಾಕಬಾರದು ಅನ್ನುವುದು ಇದಕ್ಕೇ. ಚಿಪ್ಪಿನ ಕೆಲಸ ಬೇರೆ. ಚೂಪಾದ ಕಲ್ಲು ಒಳಗೆ ಚುಚ್ಚದಂತೆ ತಡೆಯಬೇಕು, ಏಟನ್ನು ಅಗಲಕ್ಕೆ ಹಂಚಬೇಕು. ನಾವು ಅಂಗಡಿಯಲ್ಲಿ ಕುಟ್ಟಿ ನೋಡುವುದು ಮಾತ್ರ ಆ ಚಿಪ್ಪನ್ನೇ!

ಒಂದು ಲೆಕ್ಕ ಹಾಕೋಣ. ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬೀಳುತ್ತದೆ ಅಂದುಕೊಳ್ಳಿ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 5.4 ಮೀಟರ್. ಬರಿ ತಲೆಯಾದರೆ ಚರ್ಮ, ಮೂಳೆ ಎಲ್ಲ ಸೇರಿ ಮೂರು ಮಿಲಿಮೀಟರಿನಷ್ಟು ತಗ್ಗಬಹುದು ಅಂತಿಟ್ಟುಕೊಳ್ಳಿ. ಒಂದೂವರೆ ಮೀಟರಿನಲ್ಲಿ ಗಳಿಸಿದ ವೇಗವನ್ನೆಲ್ಲ ಮೂರು ಮಿಲಿಮೀಟರಿನಲ್ಲಿ ಕಳೆಯಬೇಕು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 500 ಬರುತ್ತದೆ. ಅಂದರೆ ಸರಾಸರಿ 500 ಜಿ, ತಲೆಯ ತೂಕದ ಐನೂರು ಪಟ್ಟು ಬಲ. ಈಗ ಎರಡೂವರೆ ಸೆಂಟಿಮೀಟರ್ ಥರ್ಮಾಕೋಲ್ ಪೂರ್ತಿ ಕುಸಿಯಲಿ. ಅದೇ ಭಾಗಾಕಾರದಲ್ಲಿ 60 ಜಿ. ನಿಲ್ಲಲು ಸಿಗುವ ಸಮಯ ಒಂದು ಮಿಲಿಸೆಕೆಂಡಿನಿಂದ ಒಂಬತ್ತಕ್ಕೆ ಏರುತ್ತದೆ. ನಿಜವಾದ ಏಟು ಇಷ್ಟು ಸಪಾಟಾಗಿ ಹಂಚಿಹೋಗುವುದಿಲ್ಲ, ತುದಿಯಲ್ಲಿ ಇನ್ನೂ ಮೇಲೇರುತ್ತದೆ. ಆದರೂ ಎಂಟು ಮಿಲಿಸೆಕೆಂಡ್ ಲಾಭ ಸಾಮಾನ್ಯದ್ದಲ್ಲ. ಕಣ್ಣು ಮಿಟುಕಿಸಲು ಇದರ ಹತ್ತು ಪಟ್ಟಿಗಿಂತ ಜಾಸ್ತಿ ಹೊತ್ತು ಬೇಕು.

ಈ ವಿದ್ಯೆ ತೀರಾ ಹಳೆಯದೇನಲ್ಲ. 1935ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪ್ರಸಿದ್ಧ ಸೇನಾನಿ ಟಿ. ಇ. ಲಾರೆನ್ಸ್ ಮೋಟಾರ್‌ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯರೂ ಇದ್ದರು. ಆಮೇಲೆ ಕೇರ್ನ್ಸ್ ಬೈಕ್ ಸವಾರರ ತಲೆಪೆಟ್ಟುಗಳ ಬೆನ್ನು ಹತ್ತಿದರು. 1941ರಲ್ಲಿ ಅವರು ಬರೆದ ಪ್ರಬಂಧದ ಹೊತ್ತಿಗೆ ಹೆಲ್ಮೆಟ್ ಹಾಕಿ ಬಿದ್ದವರು ಅವರಿಗೆ ಸಿಕ್ಕಿದ್ದು ಏಳೇ ಜನ. ಏಳೂ ಜನ ಬದುಕಿದ್ದರು. ಏಳು ಅನ್ನುವುದು ಪುರಾವೆಯಾಗಿ ಬಹಳ ಕಡಿಮೆ, ನಿಜ. ಆದರೂ ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಜನಸಾಮಾನ್ಯರಿಗೆ ಆ ದೇಶದಲ್ಲಿ ಕಡ್ಡಾಯವಾಗಲು 1973ರವರೆಗೆ ಕಾಯಬೇಕಾಯಿತು. ಒಳಗೆ ಕುಸಿಯುವ ಪದರ ಇಟ್ಟ ಹೆಲ್ಮೆಟ್ಟಿಗೆ ಅಮೆರಿಕದ ಚಾರ್ಲ್ಸ್ ಲೊಂಬಾರ್ಡ್ ಪೇಟೆಂಟ್ ಪಡೆದದ್ದು 1953ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಮೂಲ ಉಪಾಯ ಬದಲಾಗಿಲ್ಲ.

ಬದಲಾಗುತ್ತಾ ಬಂದಿರುವುದು ಪರೀಕ್ಷೆ. ಪ್ರಯೋಗಾಲಯದಲ್ಲಿ ಲೋಹದ ಡಮ್ಮಿ ತಲೆಗೆ ಹೆಲ್ಮೆಟ್ ತೊಡಿಸಿ, ಕಂಬಿಯ ಮೇಲೆ ಜಾರಿಸಿ, ಉಕ್ಕಿನ ದಿಮ್ಮಿಯ ಮೇಲೆ ಬೀಳಿಸುತ್ತಾರೆ. ತಲೆಯೊಳಗಿನ ಸೆನ್ಸರ್ ಎಷ್ಟು ಜಿ ಅಂತ ಹೇಳುತ್ತದೆ. ಹಲವು ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 22ನೇ ನಿಯಮದಲ್ಲಿ ಬಹುಕಾಲ ಹೀಗೆ ಬೀಳಿಸುವ ವೇಗ ಸೆಕೆಂಡಿಗೆ 7.5 ಮೀಟರ್ ಇತ್ತು. ಗಂಟೆಗೆ 27 ಕಿಲೋಮೀಟರ್. ‘ಬೈಕು ಎಂಬತ್ತರಲ್ಲಿ ಓಡುತ್ತೆ, ಪರೀಕ್ಷೆ ಮಾತ್ರ ಇಪ್ಪತ್ತೇಳಕ್ಕಾ?’ ಅಂತ ನಾನೂ ಒಮ್ಮೆ ಹುಬ್ಬೇರಿಸಿದ್ದೆ. ಆದರೆ ಬಿದ್ದವರ ತಲೆ ಸಾಮಾನ್ಯವಾಗಿ ರಸ್ತೆಗೆ ಎದುರಾಗಿ ಅಪ್ಪಳಿಸುವುದಿಲ್ಲ. ರಸ್ತೆಯ ಉದ್ದಕ್ಕೆ ಜಾರುತ್ತಾ ಮೇಲಿಂದ ಕೆಳಗೆ ಬೀಳುತ್ತದೆ. ನೆಲಕ್ಕೆ ನೇರವಾಗಿ ಬೀಳುವ ವೇಗವನ್ನು ತೀರ್ಮಾನಿಸುವುದು ಎತ್ತರ. ಸೆಕೆಂಡಿಗೆ 7.5 ಮೀಟರ್ ವೇಗ ಅಂದರೆ ಸುಮಾರು 2.9 ಮೀಟರ್ ಮೇಲಿಂದ ಬಿದ್ದಂತೆ. ಬೈಕಿನ ಮೇಲೆ ಕೂತವರ ತಲೆ ಅಷ್ಟು ಎತ್ತರದಲ್ಲಿ ಇರುವುದೇ ಇಲ್ಲ. ಗೋಡೆಗೋ ಲಾರಿಗೋ ನೇರ ಗುದ್ದಿದರೆ ಮಾತು ಬೇರೆ.

ಇನ್ನೊಂದು ಫಜೀತಿ ಇದೆ. ಪರೀಕ್ಷೆ ಒಂದೇ ವೇಗದಲ್ಲಿ ನಡೆದರೆ ತಯಾರಕರು ಆ ವೇಗಕ್ಕೆ ತಕ್ಕಂತೆ ಮಾತ್ರ ಥರ್ಮಾಕೋಲ್ ಹದ ಮಾಡುತ್ತಾರೆ. ಮೆತ್ತಗಾದರೆ ಜೋರು ಏಟಿಗೆ ಪೂರ್ತಿ ಚಪ್ಪಟೆಯಾಗಿ ತಲೆ ಚಿಪ್ಪಿಗೇ ಬಡಿಯುತ್ತದೆ. ಗಟ್ಟಿಯಾದರೆ ಸಣ್ಣ ಏಟಿಗೆ ಕುಸಿಯುವುದೇ ಇಲ್ಲ, ಏಟೆಲ್ಲ ತಲೆಗೇ. ಪರೀಕ್ಷೆಯಲ್ಲಿ ಪಾಸಾಗಲು ಓದುವ ಹುಡುಗರ ಥರ, ಅಲ್ವಾ? ಹಾಗಾಗಿ ಆ ನಿಯಮದ ಹೊಸ 22.06 ಆವೃತ್ತಿಯಲ್ಲಿ ಸೆಕೆಂಡಿಗೆ 6.0, 7.5 ಮತ್ತು 8.2 ಮೀಟರ್, ಮೂರೂ ವೇಗದಲ್ಲಿ ಬೀಳಿಸುತ್ತಾರೆ. ಒಳಗೆ ಮೆತ್ತಗೆ, ಹೊರಗೆ ಗಟ್ಟಿ, ಹೀಗೆ ಎರಡು ಹದದ ಥರ್ಮಾಕೋಲನ್ನು ಒಟ್ಟಿಗೆ ಕೂರಿಸುವುದು ಇದಕ್ಕೊಂದು ಉತ್ತರ.

ರಸ್ತೆಯ ಉದ್ದಕ್ಕಿರುವ ವೇಗ ಸುಮ್ಮನೆ ಬಿಡುತ್ತದೆಯೇ? ಇಲ್ಲ. ಅದು ತಲೆಯನ್ನು ಗಿರ್ರನೆ ತಿರುಗಿಸುತ್ತದೆ. ಹೆಚ್ಚು ಕಾಡುವ ಪ್ರಶ್ನೆ ಇದು. ಆಕ್ಸ್‌ಫರ್ಡ್‌ನಲ್ಲಿದ್ದ ಹಾಲ್ಬೋರ್ನ್ ಎಂಬ ಭೌತವಿಜ್ಞಾನಿ 1943ರಲ್ಲೇ ಇದನ್ನು ಹೇಳಿದ್ದರು. ಮೇಣದಲ್ಲಿ ತಲೆಬುರುಡೆಯ ಆಕಾರ ಮಾಡಿ, ಅದರೊಳಗೆ ಜೆಲಟಿನ್ ತುಂಬಿ, ಸರಕ್ಕನೆ ತಿರುಗಿಸಿ ನೋಡಿದರು. ನೀವು ಜೆಲ್ಲಿ ತುಂಬಿದ ಬಟ್ಟಲಿನಲ್ಲಿ ನೋಡಬಹುದು. ಬಟ್ಟಲನ್ನು ಮುಂದೆ ತಳ್ಳಿ ನಿಲ್ಲಿಸಿದರೆ ಜೆಲ್ಲಿ ಅಷ್ಟೇನೂ ಕಲಕುವುದಿಲ್ಲ. ಥಟ್ಟನೆ ತಿರುಗಿಸಿದರೆ ಬಟ್ಟಲು ತಿರುಗುತ್ತದೆ, ಜೆಲ್ಲಿಯ ನಡುಭಾಗ ಹಿಂದೆ ಉಳಿಯುತ್ತದೆ, ಇವೆರಡರ ನಡುವಿನ ಪದರಗಳು ಜಗ್ಗಿ ಹರಿಯುತ್ತವೆ. ಮಿದುಳೂ ಹಾಗೇ. ಅದನ್ನು ಹಿಂಡಿ ಚಿಕ್ಕದು ಮಾಡುವುದು ಕಷ್ಟ, ಜಗ್ಗಿ ಹರಿಯುವುದು ಸುಲಭ. ನರತಂತುಗಳು ಎಳೆದುಹೋಗುವುದು ಈ ತಿರುಗುವಿಕೆಯಲ್ಲೇ.

ಗೊತ್ತಿದ್ದೂ ದಶಕಗಟ್ಟಲೆ ಪರೀಕ್ಷೆಗಳು ನೇರ ಏಟನ್ನೇ ಅಳೆದವು. ಯಾಕೆಂದರೆ ಅದನ್ನು ಅಳೆಯುವುದು ಸುಲಭ. ನನಗೆ ಈ ಕ್ಷೇತ್ರದಲ್ಲಿ ಬೇಸರ ತರಿಸುವ ಸಂಗತಿ ಇದೊಂದೇ. 1990ರ ದಶಕದಲ್ಲಿ ಸ್ವೀಡನ್ನಿನ ನರಶಸ್ತ್ರವೈದ್ಯ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಸಂಶೋಧಕ ಪೀಟರ್ ಹಾಲ್ಡಿನ್ ಹೆಲ್ಮೆಟ್ಟಿನ ಒಳಗೆ ಒಂದು ತೆಳು ಜಾರುಪದರ ಇಟ್ಟು ನೋಡಿದರು. ಏಟು ಬಿದ್ದಾಗ ಹೆಲ್ಮೆಟ್ ತಲೆಯ ಮೇಲೆ ಹತ್ತು ಹದಿನೈದು ಮಿಲಿಮೀಟರ್ ಜಾರುತ್ತದೆ, ತಿರುಗುವ ಬಲ ಅಷ್ಟರ ಮಟ್ಟಿಗೆ ತಲೆಗೆ ತಲುಪುವುದಿಲ್ಲ. ಮಿಪ್ಸ್ ಅಂತ ಹೆಲ್ಮೆಟ್ ಮೇಲೆ ಹಳದಿ ಚುಕ್ಕೆ ಇದ್ದರೆ ಅದೇ ಇದು. 22.06ರಲ್ಲಿ ಈಗ ಓರೆಯಾದ ದಿಮ್ಮಿಯ ಮೇಲೂ ಬೀಳಿಸಿ ತಿರುಗುವಿಕೆ ಅಳೆಯುತ್ತಾರೆ. ಹಾಲ್ಬೋರ್ನ್ ಹೇಳಿ ಮುಕ್ಕಾಲು ಶತಮಾನ ದಾಟಿತ್ತು.

ಅಂದಹಾಗೆ, ಮರಕುಟಿಗದ ತಲೆ ನೋಡಿ ಕಲಿತ ಹೆಲ್ಮೆಟ್ ಅಂತ ಜಾಹೀರಾತು ಕಂಡರೆ ನಕ್ಕುಬಿಡಿ. ಕುಟ್ಟುವ ಮರಕುಟಿಗಗಳ ಹೈಸ್ಪೀಡ್ ವಿಡಿಯೊಗಳನ್ನು ಅಳೆದ 2022ರ ಅಧ್ಯಯನ ಒಂದರಲ್ಲಿ, ಅವುಗಳ ತಲೆ ಏಟನ್ನು ಹೀರುವುದೇ ಇಲ್ಲ, ಗಟ್ಟಿ ಸುತ್ತಿಗೆಯ ಹಾಗೆ ವರ್ತಿಸುತ್ತದೆ ಅಂತ ಗೊತ್ತಾಯಿತು. ಹೀರಿದರೆ ಮರ ಕೊರೆಯುವುದು ಹೇಗೆ? ಅದರ ಮಿದುಳು ತೀರಾ ಪುಟ್ಟದಾದ್ದರಿಂದ ಬಚಾವು.

ಡಮ್ಮಿ ತಲೆಗೆ ಕೂದಲಿಲ್ಲ, ಅದು ಬೆವರುವುದಿಲ್ಲ, ‘ಇಲ್ಲೇ ಹತ್ತಿರ’ ಅಂತ ಪಟ್ಟಿ ಹಾಕದೆ ಹೊರಡುವುದೂ ಇಲ್ಲ. ನಿಜವಾದ ತಲೆಗಳ ಲೆಕ್ಕ ಬೇಕೆಂದರೆ ಅಪಘಾತಗಳನ್ನೇ ನೋಡಬೇಕು. 2008ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಸಂಸ್ಥೆಯ ವಿಮರ್ಶೆಯ ಪ್ರಕಾರ, ಅಪಘಾತಕ್ಕೆ ಸಿಕ್ಕ ಬೈಕ್ ಸವಾರರಲ್ಲಿ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಪೆಟ್ಟಿನ ಅಪಾಯವನ್ನು 69 ಶೇಕಡಾ ತಗ್ಗಿಸುತ್ತದೆ. ಸೈಕಲ್ ವಿಷಯದಲ್ಲಿ ಮಾತ್ರ ಜಗಳ ಇನ್ನೂ ಮುಗಿದಿಲ್ಲ. ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಸೈಕಲ್ಲಿಗೆ ಅಳತೆಯ ಸೆನ್ಸರ್ ಕಟ್ಟಿ ತಾನೇ ತುಳಿದು, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹತ್ತಿರದಿಂದ ಹಾದುಹೋಗಿದ್ದವು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದ ಬೇರೆಯವರು, ಅಷ್ಟು ವ್ಯತ್ಯಾಸದಿಂದ ಅಪಾಯ ಹೆಚ್ಚುವುದಿಲ್ಲ ಅಂದರು.

ಪಟ್ಟಿಗೂ ಒಂದು ಪರೀಕ್ಷೆ ಇದೆ. ಅದನ್ನು ಮನೆಯಲ್ಲೂ ಮಾಡಬಹುದು. ಪ್ರಯೋಗಾಲಯದಲ್ಲಿ ಹೆಲ್ಮೆಟ್ ತೊಡಿಸಿ ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೊಕ್ಕೆ ಹಾಕಿ, 10 ಕಿಲೋ ತೂಕವನ್ನು ಅರ್ಧ ಮೀಟರ್ ಎತ್ತರದಿಂದ ಬಿಟ್ಟು ಮುಂದಕ್ಕೆ ಜಗ್ಗುತ್ತಾರೆ. ಹೆಲ್ಮೆಟ್ 30 ಡಿಗ್ರಿಗಿಂತ ಹೆಚ್ಚು ವಾಲಬಾರದು. ಮನೆಯಲ್ಲಿ ತೂಕ ಬೇಡ. ಪಟ್ಟಿ ಹಾಕಿಕೊಂಡು, ಹಿಂದಿನ ಅಂಚಿಗೆ ಎರಡೂ ಕೈ ಹಾಕಿ ಮೇಲಕ್ಕೆ, ಮುಂದಕ್ಕೆ ತಳ್ಳಿ ನೋಡಿ. ಈ ಲೇಖನ ಬರೆಯುವಾಗ ನನ್ನ ಹೊಸ ಹೆಲ್ಮೆಟ್ ಹಾಕಿ ತಳ್ಳಿದೆ. ಸೀದಾ ಮೂಗಿನ ಮೇಲೆ ಬಂತು. ಪಟ್ಟಿಯನ್ನು ಮೂರು ಹಲ್ಲು ಬಿಗಿ ಮಾಡಿ ಮತ್ತೆ ತಳ್ಳಿದೆ. ಈಗ ಹುಬ್ಬಿನ ಹತ್ತಿರ ನಿಲ್ಲುತ್ತದೆ.